ಎಳೆಗಳ ಪಾಲು ಹಣೆಬರಹವಲ್ಲ

ಸ್ನಾಯುವಿನಲ್ಲಿ ನಿಧಾನವಾಗಿ ಕುಗ್ಗುವ, ಬೇಗ ದಣಿಯದ ನಿಧಾನ ಎಳೆಗಳೂ ಥಟ್ಟನೆ ಕುಗ್ಗುವ, ಬೇಗ ದಣಿಯುವ ವೇಗದ ಎಳೆಗಳೂ ಇವೆ. ಇವುಗಳ ಗುಣ ಹುಟ್ಟಿನಿಂದಲೇ ನಿಗದಿ ಎಂಬ ನಿಮ್ಮ ಲೇಖನದ ಮಾತನ್ನು ಒಪ್ಪಲಾರೆ. 1960ರಲ್ಲೇ ಬುಲರ್ ಮತ್ತು ಎಕಲ್ಸ್ ಎಂಬ ವಿಜ್ಞಾನಿಗಳ ತಂಡ ಬೆಕ್ಕುಗಳಲ್ಲಿ ವೇಗದ ಮತ್ತು ನಿಧಾನದ ಸ್ನಾಯುಗಳ ನರಗಳನ್ನು ಅದಲುಬದಲು ಜೋಡಿಸಿದಾಗ ವೇಗದ ಸ್ನಾಯು ನಿಧಾನವಾಯಿತು, ನಿಧಾನದ್ದು ಚುರುಕಾಯಿತು. ನರದ ಸಂಕೇತಕ್ಕೆ ಎಳೆಯೊಳಗೆ ಕ್ಯಾಲ್ಸಿಯಂ ಏರಿಳಿಯುತ್ತದೆ. ಯಾವ ಜೀನ್ ಕೆಲಸ ಮಾಡಬೇಕೆಂಬುದು ಬಹುಮಟ್ಟಿಗೆ ಅದನ್ನೇ ಅನುಸರಿಸುತ್ತದೆ. ಮನುಷ್ಯರಲ್ಲಿ ಇಷ್ಟು ಪೂರ್ಣ ಬದಲಾವಣೆ ಆಗದು, ನಿಜ. ಆದರೂ ನಿಯಮಿತ ವ್ಯಾಯಾಮದಿಂದ ಎಳೆಗಳಲ್ಲಿ ಶಕ್ತಿ ಉತ್ಪಾದಿಸುವ ಮೈಟೊಕಾಂಡ್ರಿಯಾ ಹೆಚ್ಚುತ್ತವೆ, ಸ್ನಾಯು ಸಕ್ಕರೆಯನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ.

ಮುಂಬಯಿಯ ಮಾಟುಂಗಾದಲ್ಲಿರುವ ನಮ್ಮ ತಂದೆ ಮಧುಮೇಹಿ. ಅಲ್ಲಿನ ಫೈವ್ ಗಾರ್ಡನ್ಸ್ ಉದ್ಯಾನಗಳ ಸುತ್ತ ದಿನವೂ ನಡೆಯುತ್ತಾರೆ, ಆದರೆ ಕುರ್ಚಿಯಿಂದೇಳಲು ಎರಡೂ ಕೈ ಊರಬೇಕು. ಮುಪ್ಪಿನಲ್ಲಿ ಹೆಚ್ಚು ಸೊರಗುವುದು ವೇಗದ ಎಳೆಗಳು. ಅವುಗಳಿಗೆ ನಡಿಗೆ ಸಾಲದು, ಭಾರ ಬೇಕು. ದಯವಿಟ್ಟು ಹಿರಿಯರ ಭಾರದ ವ್ಯಾಯಾಮದ ಬಗ್ಗೆಯೂ ಬರೆಯಿರಿ.