ಆಕಾಶ ಕೆಡಿಸಿದರೆ ಐದು ವರ್ಷ

ಹವಾಮಾನ ಬದಲಾವಣೆಗೆ ಅತಿ ಅಗ್ಗದ ಮದ್ದು ಅಮೆರಿಕದ ಫ್ಲಾರಿಡಾ ರಾಜ್ಯಕ್ಕೆ ಸಿಕ್ಕಿದೆ: ರಬ್ಬರ್. 2024ರ ಮೇ ತಿಂಗಳಲ್ಲಿ ಗವರ್ನರ್ ರಾನ್ ಡಿಸಾಂಟಿಸ್ ಸಹಿ ಹಾಕಿದ ಕಾಯ್ದೆಯೊಂದು ರಾಜ್ಯದ ಕಾನೂನಿನಲ್ಲಿದ್ದ ‘ಹವಾಮಾನ ಬದಲಾವಣೆ’ ಎಂಬ ಪದವನ್ನು ಬಹುಪಾಲು ಕಡೆ ಅಳಿಸಿಹಾಕಿತು. ಜೊತೆಗೆ ಕಡಲಲ್ಲಿ ಗಾಳಿಯಂತ್ರ ನಿಲ್ಲಿಸುವುದನ್ನೂ ನಿಷೇಧಿಸಿತು. ಗಾಳಿಯನ್ನು ನಿಷೇಧಿಸಲು ಮರೆತರು.

ಜುಲೈ 1ಕ್ಕೆ ಕಾಯ್ದೆ ಜಾರಿಗೆ ಬಂತು. ಅದರ ಪ್ರತಿ ಬೆರಿಲ್ ಚಂಡಮಾರುತದ ಕೈಸೇರಿರಲಿಲ್ಲವೆಂದು ಕಾಣುತ್ತದೆ. ಮರುದಿನಕ್ಕಾಗಲೇ ಅದು ಕೆರಿಬಿಯನ್ ಸಮುದ್ರದಲ್ಲಿ ಐದನೇ ದರ್ಜೆಗೆ, ಅಂದರೆ ಅತ್ಯಂತ ಪ್ರಬಲ ದರ್ಜೆಗೆ, ಏರಿತ್ತು. ಅಟ್ಲಾಂಟಿಕ್‌ನಲ್ಲಿ ವರ್ಷದ ಇಷ್ಟು ಮೊದಲೇ ಆ ದರ್ಜೆ ಮುಟ್ಟಿದ ಇನ್ನೊಂದು ಚಂಡಮಾರುತ ದಾಖಲೆಯಲ್ಲಿಲ್ಲ. ಸೆಪ್ಟೆಂಬರ್‌ನಲ್ಲಿ ಹೆಲೀನ್, ಅಕ್ಟೋಬರ್‌ನಲ್ಲಿ ಮಿಲ್ಟನ್ ನೇರವಾಗಿ ಫ್ಲಾರಿಡಾಕ್ಕೇ ಬಂದವು. ಒಂದನೇ ದರ್ಜೆಯಿಂದ ಐದನೆಯದಕ್ಕೆ ಏರಲು ಮಿಲ್ಟನ್‌ಗೆ ಒಂದು ದಿನವೂ ಹಿಡಿಯಲಿಲ್ಲ.

ವಿಜ್ಞಾನಿಗಳೇನೂ ಊರಿಗೆಲ್ಲ ಬೊಬ್ಬೆ ಹಾಕುತ್ತಿಲ್ಲ. ಚಂಡಮಾರುತಗಳ ಸಂಖ್ಯೆ ಹೆಚ್ಚುತ್ತದೆ ಎಂದು ಅವರು ಖಡಾಖಂಡಿತವಾಗಿ ಹೇಳುವುದಿಲ್ಲ. ಬಂದವು ಬಲಿಯುತ್ತವೆ, ಹೆಚ್ಚು ಮಳೆ ಸುರಿಸುತ್ತವೆ ಎನ್ನುತ್ತಾರೆ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇ 7ರಷ್ಟು ಹೆಚ್ಚು ನೀರಾವಿ ಹೊರಬಲ್ಲದು. ಕಡಲಿನ ನೀರು 26.5 ಡಿಗ್ರಿ ಇದ್ದರೇ ಚಂಡಮಾರುತಕ್ಕೆ ಊಟವಾಯಿತು. 2023ರ ಜುಲೈನಲ್ಲಿ ಫ್ಲಾರಿಡಾದ ಮ್ಯಾನಟೀ ಕೊಲ್ಲಿಯ ಮಾಪಕವೊಂದು ತೋರಿಸಿದ್ದು 38.4 ಡಿಗ್ರಿ! ಈಜಲು ಇಳಿದವರು ತಂಪಾಗಲು ಮನೆಗೆ ಓಡಬೇಕು.

ಇದನ್ನೆಲ್ಲ ಮಾತನಾಡಲು ಮುಹೂರ್ತ ಯಾವುದು? 2017ರಲ್ಲಿ ಇರ್ಮಾ ಚಂಡಮಾರುತ ಫ್ಲಾರಿಡಾದತ್ತ ನುಗ್ಗುತ್ತಿದ್ದಾಗ, ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಮುಖ್ಯಸ್ಥ ಸ್ಕಾಟ್ ಪ್ರುಯಿಟ್ ಈಗ ಆ ಚರ್ಚೆ ಎತ್ತುವುದು ಸಂತ್ರಸ್ತರ ಬಗ್ಗೆ ಕನಿಕರವಿಲ್ಲದ ನಡೆ ಎಂದರು. ನಮ್ಮ ಹಳ್ಳಿಗಳಲ್ಲಿ ದೆವ್ವಕ್ಕಾಗಿ ಬಾಗಿಲ ಮೇಲೆ ಬರೆಯುತ್ತಿದ್ದ ‘ನಾಳೆ ಬಾ’ ವಾಷಿಂಗ್ಟನ್‌ನಲ್ಲಿ ನೀತಿಯಾಗಿತ್ತು.

ಆದರೆ ನನ್ನ ಮೆಚ್ಚಿನ ಕಾಯ್ದೆ 2025ರದು. ಅದೇ ಫ್ಲಾರಿಡಾ, ಅದೇ ಗವರ್ನರ್. ತಾಪಮಾನ, ಹವೆ, ಬಿಸಿಲಿನ ತೀವ್ರತೆಯನ್ನು ಬದಲಿಸುವ ಉದ್ದೇಶದಿಂದ ವಾತಾವರಣಕ್ಕೆ ಏನನ್ನಾದರೂ ಬಿಟ್ಟರೆ ಐದು ವರ್ಷದವರೆಗೆ ಸೆರೆ, ಒಂದು ಲಕ್ಷ ಡಾಲರ್‌ವರೆಗೆ ದಂಡ. ಹವಾಮಾನ ಬದಲಾವಣೆ ಕಡತದಿಂದ ಮಾಯ. ಬದಲಾಯಿಸುವವನು ಮಾತ್ರ ಕ್ರಿಮಿನಲ್. 2017ರಲ್ಲಿ ‘ವರ್ಷಧಾರಿ’ ಎಂದು ಮೋಡಬಿತ್ತನೆ ಮಾಡಿಸಿದ ನಮ್ಮ ಕರ್ನಾಟಕ ಸರಕಾರ ಅಲ್ಲಿದ್ದರೆ ಕಂಬಿ ಎಣಿಸಬೇಕಾಗುತ್ತಿತ್ತು.

ಕಾಯ್ದೆಯ ಜೀವವಿರುವುದು ‘ಉದ್ದೇಶ’ದಲ್ಲಿ. ಕಾರು, ಕಾರ್ಖಾನೆ, ವಿದ್ಯುತ್ ಸ್ಥಾವರಗಳು ದಿನವಿಡೀ ಇಂಗಾಲದ ಡೈಆಕ್ಸೈಡ್ ಉಗುಳಬಹುದು, ಭೂಮಿ ಬಿಸಿಯಾದರೂ ಆಗಬಹುದು. ಬಿಸಿ ಮಾಡಬೇಕೆಂಬ ಆಸೆ ಮನಸ್ಸಿನಲ್ಲಿರಬಾರದು, ಅಷ್ಟೆ. ಅನುಮಾನ ಬಂದ ನಾಗರಿಕರು ದೂರು ಕೊಡಲು ರಾಜ್ಯದ ಪರಿಸರ ಇಲಾಖೆ ವ್ಯವಸ್ಥೆ ಮಾಡಬೇಕು. ಹವೆ ಬದಲಿಸುವ ಸಲಕರಣೆ ಹೊತ್ತ ವಿಮಾನವೇನಾದರೂ ಬಂದಿಳಿಯಿತೇ ಎಂದು ವಿಮಾನ ನಿಲ್ದಾಣಗಳು ತಿಂಗಳು ತಿಂಗಳೂ ಸಾರಿಗೆ ಇಲಾಖೆಗೆ ವರದಿ ಒಪ್ಪಿಸಬೇಕು. ಬಂದಿಳಿದ ವಿಮಾನಗಳು ಸುಟ್ಟ ಇಂಧನ ಎಷ್ಟೆಂದು ಕಾಯ್ದೆ ಕೇಳುವುದಿಲ್ಲ.