ವರದಿ ಬರುವಷ್ಟರಲ್ಲಿ ಪ್ಯಾಕೆಟ್ ಖಾಲಿ

ಮಗಳು ಮ್ಯಾಗಿ ಕೇಳಿದಾಗಲೆಲ್ಲ ನನಗೆ 2015ರ ಜೂನ್ ನೆನಪಾಗುತ್ತದೆ. ನಮ್ಮ ಬೀದಿಯ ಅಂಗಡಿಯವರು ಹಳದಿ ಪ್ಯಾಕೆಟ್‌ಗಳನ್ನೆಲ್ಲ ರಟ್ಟಿನ ಡಬ್ಬಕ್ಕೆ ತುಂಬಿ ಮೂಲೆಗಿಟ್ಟಿದ್ದರು. "ಸೀಸ ಇದೆಯಂತೆ ಮೇಡಂ" ಅಂದರು. ನಂಜನಗೂಡಿನಲ್ಲೂ ಅದರ ಕಾರ್ಖಾನೆ ಇದೆ. ಮೈಸೂರಿನ ನಮಗೆ ಅದು ಪಕ್ಕದ ಮನೆ ಸುದ್ದಿಯೇ.

ಎಲ್ಲರ ಬಾಯಲ್ಲೂ ಸೀಸದ ಮಾತು. ನಾನು ಪೇಪರ್ ಹಿಡಿದು ತಾರೀಖು ಲೆಕ್ಕ ಹಾಕುತ್ತಾ ಕೂತೆ. ಉತ್ತರ ಪ್ರದೇಶದ ಬಾರಾಬಂಕಿಯಲ್ಲಿ ಮ್ಯಾಗಿಯ ಸ್ಯಾಂಪಲ್ ತೆಗೆದದ್ದು 2014ರಲ್ಲಿ. ಅದು ಗೋರಖ್‌ಪುರದ ಲ್ಯಾಬ್‌ಗೆ ಹೋಗಿ, ಅಲ್ಲಿಂದ ಕೋಲ್ಕತ್ತಕ್ಕೆ ಹೋಗಿ, ಸೀಸ 17.2 ಪಿಪಿಎಂ (ಹತ್ತು ಲಕ್ಷ ಪಾಲಿಗೆ 17.2 ಪಾಲು) ಎಂಬ ವರದಿ ಬಂದದ್ದು 2015ರಲ್ಲಿ. ಮಿತಿ ಇದ್ದದ್ದು 2.5. ಅಷ್ಟರಲ್ಲಿ ಆ ಪ್ಯಾಕೆಟ್ಟಿನ ವಾಯಿದೆಯೇ ಮುಗಿದಿತ್ತು! ಜೂನ್ 5ಕ್ಕೆ ನಿಷೇಧವಾಯಿತು. ಆಗಸ್ಟ್ 13ಕ್ಕೆ ಬಾಂಬೆ ಹೈಕೋರ್ಟ್ ಅದನ್ನು ರದ್ದು ಮಾಡಿತು. ಪರೀಕ್ಷೆ ಮಾಡಿದ ಲ್ಯಾಬ್‌ಗಳಿಗೆ ಬೇಕಾದ ಮಾನ್ಯತೆಯೇ ಇರಲಿಲ್ಲವಂತೆ. ಕೋರ್ಟು ಹೇಳಿದ ಮೂರು ಲ್ಯಾಬ್‌ಗಳಲ್ಲಿ ಮತ್ತೆ ನೋಡಿಸಿದರೆ ಸೀಸ ಮಿತಿಯೊಳಗೇ ಇತ್ತು. ನವೆಂಬರ್‌ಗೆ ಮ್ಯಾಗಿ ವಾಪಸ್.

ಮೊದಲ ವರದಿ ನಿಜವಾಗಿದ್ದರೆ ವರ್ಷವಿಡೀ ಮಕ್ಕಳಿಗೆ ಸೀಸ ತಿನ್ನಿಸಿದ್ದೆವು. ತಪ್ಪಾಗಿದ್ದರೆ ಸಾವಿರಾರು ಟನ್ ತಿಂಡಿಯನ್ನು ಸಿಮೆಂಟ್ ಕಾರ್ಖಾನೆಯ ಗೂಡುಗಳಲ್ಲಿ ಸುಮ್ನೆ ಸುಟ್ಟರು. ಎರಡರಲ್ಲಿ ಯಾವುದಕ್ಕೆ ಸಮಾಧಾನ ಪಡೋದು ಹೇಳಿ?

2006ರ ಆಹಾರ ಸುರಕ್ಷತಾ ಕಾಯ್ದೆ ಓದಲು ಚೆನ್ನಾಗಿಯೇ ಇದೆ. ಸ್ಯಾಂಪಲ್ ಕೈಸೇರಿದ 14 ದಿನದೊಳಗೆ ವರದಿ ಕೊಡಬೇಕು. ಸ್ಯಾಂಪಲನ್ನು ನಾಲ್ಕು ಪಾಲು ಮಾಡುತ್ತಾರೆ. ಒಂದು ಲ್ಯಾಬ್‌ಗೆ, ಎರಡು ಅಧಿಕಾರಿಯ ಬಳಿ, ಇನ್ನೊಂದು ಮಾರುವವರು ಕೇಳಿದರೆ ಬೇರೆ ಲ್ಯಾಬ್‌ಗೆ. ತಕರಾರು ಬಂದರೆ ರೆಫರಲ್ ಲ್ಯಾಬ್ ಇದೆ, ನಮ್ಮೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಅಂಥದ್ದೊಂದು. ಈ ನಾಲ್ಕು ಪಾಲಿನಲ್ಲಿ ತಿನ್ನುವವರ ಪಾಲು ಎಲ್ಲಿ?

2024ರ ಮಾರ್ಚ್‌ನಲ್ಲಿ ನಮ್ಮ ಆರೋಗ್ಯ ಇಲಾಖೆ ಗೋಬಿ ಮಂಚೂರಿಯ 171 ಸ್ಯಾಂಪಲ್‌ಗಳಲ್ಲಿ 107 ಸರಿಯಿಲ್ಲ ಎಂದು ಲೆಕ್ಕ ಕೊಟ್ಟಿತು, ಬಣ್ಣ ಹಾಕುವುದನ್ನು ನಿಲ್ಲಿಸಿತು. ಒಳ್ಳೆಯದೇ. ಆದರೆ ತಳ್ಳುಗಾಡಿ ಮುಂದೆ ಇಷ್ಟು ಜೋರಾಗುವ ದನಿ ಪ್ಯಾಕೆಟ್ ತಿಂಡಿಗಳ ವಿಷಯಕ್ಕೂ ಅಷ್ಟೇ ಜೋರಾಗಿರಲಿ ಅಂತ ನನ್ನ ಆಸೆ. ಪ್ಯಾಕೆಟ್ ಮೇಲೆ ಬ್ಯಾಚ್ ನಂಬರ್ ಹೇಗೂ ಇರುತ್ತೆ ಅಲ್ವಾ? ಅದನ್ನು ಫೋನಿನಲ್ಲಿ ಒತ್ತಿದರೆ ಆ ಬ್ಯಾಚ್ ಪರೀಕ್ಷೆ ಆಗಿದೆಯೋ ಇಲ್ಲವೋ, ಆಗಿದ್ದರೆ ವರದಿ ಏನು ಅಂತ ನನಗೂ ಕಾಣಲಿ.

ಅಲ್ಲಿಯವರೆಗೆ ನಮಗಿರುವುದು ಅದೇ ಕಾಯ್ದೆಯ 40ನೇ ಕಲಂ. ಶುಲ್ಕ ಕಟ್ಟಿದರೆ ಕೊಂಡವರೇ ತಿಂಡಿಯನ್ನು ಪರೀಕ್ಷೆ ಮಾಡಿಸಬಹುದು. ದೋಷ ಸಿಕ್ಕರೆ ಶುಲ್ಕ ವಾಪಸ್. ಒಂದೇ ಷರತ್ತು, ಕೊಳ್ಳುವಾಗಲೇ ಅಂಗಡಿಯವರಿಗೆ ಹೇಳಿರಬೇಕು. ಒಂದು ಸಂಜೆ ಧೈರ್ಯ ಮಾಡಿ ಕೇಳಿದೆ: "ಅಣ್ಣಾ, ಈ ಚಿಪ್ಸ್ ಕೊಡಿ, ಲ್ಯಾಬ್‌ಗೆ ಕಳಿಸ್ತೀನಿ."

ಅವರು ನನ್ನ ಮುಖ ನೋಡಿ, "ಯಾಕೆ ಮೇಡಂ, ಬಿಸ್ಕತ್ ತಗೊಳ್ಳಿ" ಅಂದರು.