52 ಕೊಂಡಿಗಳು ಮತ್ತು ಒಂದು ಗಜನಿ

ಕಳೆದ ತಿಂಗಳು ಒಂದು ತರಬೇತಿಗೆ ಹೋಗಿದ್ದೆ. ಭಾಷಾ ಶಿಕ್ಷಕರಿಗೆ ಉಚಿತ ಆನ್‌ಲೈನ್ ಸಾಧನಗಳ ಪರಿಚಯ. ಮಧ್ಯಾಹ್ನದ ಊಟಕ್ಕೆ ಮೊದಲೇ ನಮ್ಮ ವಾಟ್ಸ್‌ಆ್ಯಪ್ ಗುಂಪಿಗೆ ಒಂದು ಪಟ್ಟಿ ಬಂದು ಬಿತ್ತು. ಎಣಿಸಿದೆ, 52 ಕೊಂಡಿಗಳು. ರಸಪ್ರಶ್ನೆ ಮಾಡಲು ಒಂಬತ್ತು, ಪೋಸ್ಟರ್ ಮಾಡಲು ಏಳು, ಮಕ್ಕಳಿಗೆ ನಕ್ಷತ್ರ, ಪದಕ ಹಂಚಲು ಐದು. ಕನ್ನಡ ಹಾಕಿದೊಡನೆ ಒತ್ತಕ್ಷರಗಳನ್ನೆಲ್ಲ ಉದುರಿಸಿಬಿಡುವಂಥವು ನಾಲ್ಕು. ಅಲ್ಲೇ ಹಿಂದಿನ ಬೆಂಚಿನಲ್ಲಿ ಕುಳಿತು ಪರೀಕ್ಷಿಸಿ ನೋಡಿದೆ, ನನಗೆ ಆ ಚಾಳಿ ಇದೆ.

ಹದಿನೇಳು ವರ್ಷದಿಂದ ಕನ್ನಡ ಕಲಿಸುತ್ತಿದ್ದೇನೆ. ಮೊದಲ ಹನ್ನೊಂದು ವರ್ಷ ಘಟ್ಟದ ಕೆಳಗೆ, ಕುಮಟಾ ಕಡೆ ಅಘನಾಶಿನಿಯ ಅಳಿವೆಯ ಬದಿಯಲ್ಲಿ. ಈಗ ಘಟ್ಟದ ಮೇಲೆ, ಶಿರಸಿ ತಾಲ್ಲೂಕಿನಲ್ಲಿ. ಪುಕ್ಕಟೆ ಸಿಗುವುದನ್ನೆಲ್ಲ ತರಗತಿಗೆ ಹೊತ್ತು ತಂದವಳೇ ನಾನೂ. ಬಹುಪಾಲು ಒಂದು ವಾರದ ತಮಾಷೆ. ಮಕ್ಕಳು ಗುಂಡಿ ಒತ್ತುತ್ತಾರೆ, ಹಸಿರು ಬಣ್ಣ ಬಂದರೆ ಚಪ್ಪಾಳೆ, ಕೆಂಪು ಬಂದರೆ ಮತ್ತೆ ಒತ್ತುತ್ತಾರೆ. ನಾಲ್ಕು ಉತ್ತರಗಳಲ್ಲಿ ಒಂದನ್ನು ಆರಿಸುವುದಕ್ಕೆ ಭಾಷೆ ಬೇಕಾಗಿಲ್ಲ, ತೋರುಬೆರಳು ಸಾಕು. ಮಗುವಿನ ಬಾಯಿಂದ ಏನನ್ನೂ ಪಡೆಯದೆ ಅದರ ಕೈಗೆ ಮಾತ್ರ ಏನನ್ನೋ ಕೊಡುವ ಸಾಧನ ಕನ್ನಡದ ತರಗತಿಗೆ ದಂಡ ಎಂಬುದು ನನ್ನ ಅಭಿಪ್ರಾಯ. ಒಪ್ಪದವರು ಜಗಳವಾಡಬಹುದು.

ಯಾಕೆ ಹೀಗೆ ಹೇಳುತ್ತೇನೆ ಎಂದರೆ, ಒಬ್ಬ ಹುಡುಗನ ಕಾರಣಕ್ಕೆ. ಘಟ್ಟದ ಕೆಳಗಿನ ಶಾಲೆಯಲ್ಲಿ ಒಂಬತ್ತನೇ ತರಗತಿಯಲ್ಲಿದ್ದ. ಪ್ರಬಂಧ ಬರೆಯಲು ಹೇಳಿದರೆ ನಾಲ್ಕು ಸಾಲು, ಐದನೆಯದಕ್ಕೆ ಪೆನ್ನಿನ ಶಾಯಿ ಮುಗಿಯುತ್ತಿತ್ತು. ಬಾಯಿ ತೆರೆದರೆ ಮಾತ್ರ ಅವನನ್ನು ಹಿಡಿಯುವವರಿಲ್ಲ. 2017ರಲ್ಲಿ ಕನ್ನಡಕ್ಕೂ ಧ್ವನಿ ಟೈಪಿಂಗ್ ಬಂದಿತ್ತಲ್ಲ, ಅದಾದ ಮರುವರ್ಷವಿರಬೇಕು. ನನ್ನ ಮೊಬೈಲನ್ನು ಅವನ ಕೈಗೆ ಕೊಟ್ಟು, ‘ಭಾನುವಾರ ರಂಪಣಿ ಎಳೆದದ್ದನ್ನು ಇದಕ್ಕೆ ಹೇಳು’ ಎಂದೆ. ರಂಪಣಿ ಗೊತ್ತಿಲ್ಲದವರಿಗೆ: ದಡದಿಂದ ದೋಣಿಯಲ್ಲಿ ಬಲೆ ಒಯ್ದು ಅರ್ಧಚಂದ್ರದ ಹಾಗೆ ಬಿಟ್ಟು, ಎರಡೂ ತುದಿಯ ಹಗ್ಗ ಹಿಡಿದು ಊರ ಜನ ದಡಕ್ಕೆ ಎಳೆಯುವ ದೊಡ್ಡ ಬಲೆ. ಹುಡುಗ ಮೊದಲು ನಾಚಿದ. ಆಮೇಲೆ ಎಂಟು ನಿಮಿಷ ನಿಲ್ಲಿಸಲಿಲ್ಲ.

ತೆರೆಯ ಮೇಲೆ ಬಂದದ್ದನ್ನು ನೋಡಿದರೆ, ಒಂದೂವರೆ ಪುಟ, ಒಂದೇ ಒಂದು ಪೂರ್ಣವಿರಾಮವಿಲ್ಲ! ಯಂತ್ರ ಶಬ್ದ ಹಿಡಿದಿತ್ತು, ಉಸಿರು ಹಿಡಿದಿರಲಿಲ್ಲ. ಮೊದಲು ನನಗೆ ಬೇಸರವಾಯಿತು. ಬಸ್ಸಿನಲ್ಲಿ ಮನೆಗೆ ಹೋಗುವಾಗ ಹೊಳೆಯಿತು, ಇದಕ್ಕಿಂತ ಒಳ್ಳೆಯ ಪಾಠ ಯಾವ ಪಠ್ಯಪುಸ್ತಕದಲ್ಲಿದೆ? ಮರುದಿನ ಝೆರಾಕ್ಸ್ ಅಂಗಡಿಯಲ್ಲಿ ಮೂವತ್ತು ಪ್ರತಿ ಮಾಡಿಸಿ ಮಕ್ಕಳಿಗೆ ಹಂಚಿ, ‘ಪೆನ್ಸಿಲ್ ತೆಗೆಯಿರಿ, ಎಲ್ಲೆಲ್ಲಿ ನಿಲ್ಲಬೇಕೋ ಅಲ್ಲಿ ಚುಕ್ಕೆ ಇಡಿ’ ಎಂದೆ.

ಒಂದು ಕಡೆ ಹೀಗಿತ್ತು: ‘ಅಪ್ಪ ಬಂದ ಹಗ್ಗ ಹಿಡಿದ ನಾನು ನೀರಿಗೆ ಇಳಿದೆ’. ಅರ್ಧ ತರಗತಿ ‘ಹಿಡಿದ’ ಎಂಬಲ್ಲಿ ಚುಕ್ಕೆ ಇಟ್ಟಿತ್ತು. ಅಪ್ಪ ಬಂದ. ಹಗ್ಗ ಹಿಡಿದ. ನಾನು ನೀರಿಗೆ ಇಳಿದೆ. ಉಳಿದರ್ಧ ‘ಬಂದ’ ಎಂಬಲ್ಲಿ ಮಾತ್ರ ಇಟ್ಟು ಮುಂದೆ ಹೋಗಿತ್ತು. ಅಪ್ಪ ಬಂದ. ಹಗ್ಗ ಹಿಡಿದ ನಾನು ನೀರಿಗೆ ಇಳಿದೆ. ಹಾಗಾದರೆ ಹಗ್ಗ ಯಾರ ಕೈಯಲ್ಲಿತ್ತು? ಹೆಣ್ಣುಮಕ್ಕಳ ಸಾಲು ಅಪ್ಪನ ಕೈಯಲ್ಲಿ ಎಂದಿತು, ಕಿಟಕಿ ಬದಿಯ ಗಂಡುಮಕ್ಕಳು ಇವನ ಕೈಯಲ್ಲೇ ಎಂದು ಪಟ್ಟು ಹಿಡಿದರು. ಅದೇ ‘ಹಿಡಿದ’, ಒಮ್ಮೆ ವಾಕ್ಯ ಮುಗಿಸುವ ಕ್ರಿಯಾಪದ, ಒಮ್ಮೆ ಮುಂದಿನ ನಾಮಪದಕ್ಕೆ ಅಂಟಿಕೊಳ್ಳುವ ಕೃದಂತ. ಈ ಕೃದಂತವನ್ನು ಕರಿಹಲಗೆಯ ಮೇಲೆ ಎಷ್ಟು ವರ್ಷ ಬರೆದು ಅಳಿಸಿದ್ದೇನೋ ನನಗೇ ಲೆಕ್ಕವಿಲ್ಲ. ಅವತ್ತು ಅದರ ಹೆಸರು ಹೇಳುವ ಮೊದಲೇ ಮಕ್ಕಳು ಅದಕ್ಕಾಗಿ ಗಂಟಲು ಹರಿದುಕೊಳ್ಳುತ್ತಿದ್ದರು. ಕೊನೆಗೆ ನಮ್ಮ ಲೇಖಕನನ್ನೇ ಕೇಳಬೇಕಾಯಿತು. ಎದ್ದು ನಿಂತ. ‘ಹಗ್ಗ ಹಿಡಿದವನು ನಾನು, ಅಕ್ಕೋರೆ. ಅಪ್ಪನಿಗೆ ಬೆನ್ನುನೋವಿತ್ತು.’ ಅಪ್ಪನ ಬೆನ್ನುನೋವು ಆ ಒಂದೂವರೆ ಪುಟದಲ್ಲಿ ಎಲ್ಲಿಯೂ ಇರಲಿಲ್ಲ. ‘ಅದನ್ನೂ ಬರಿ’ ಎಂದೆ. ಪೆನ್ನಿನಿಂದಲೇ ಬರೆದ.

ಗಜನಿಯ ಕತೆ ನಡೆದದ್ದೂ ಅದೇ ತಿಂಗಳು. ಅಘನಾಶಿನಿ, ಗಂಗಾವಳಿಯ ಅಳಿವೆಗಳಲ್ಲಿ ಉಪ್ಪುನೀರು ಬಂದು ಹೋಗುವ ಗದ್ದೆಗಳಿಗೆ ಗಜನಿ ಎನ್ನುತ್ತೇವೆ. ಮಳೆಗಾಲದಲ್ಲಿ ಅಲ್ಲಿ ಬೆಳೆಯುವುದು ಉಪ್ಪನ್ನು ತಾಳಿಕೊಳ್ಳುವ ಕಗ್ಗ ಎಂಬ ಭತ್ತ. ಒಬ್ಬ ಹುಡುಗಿ ಮೊಬೈಲಿಗೆ ಹೇಳಿದಳು: ‘ನಮ್ಮ ಅಜ್ಜಿ ಗಜನಿಯಲ್ಲಿ ಕಗ್ಗ ಬಿತ್ತಿದಳು.’ ಯಂತ್ರ ‘ಗಜನಿ’ಯನ್ನು ಯಾವುದೋ ಸಿನಿಮಾದ ಹೆಸರು ಮಾಡಿ ಕೂರಿಸಿತು. ಕಗ್ಗ ಮಾತ್ರ ಸರಿಯಾಗಿ ಬಂತು, ಅದನ್ನು ಬೇರೆ ಕಾರಣಕ್ಕೆ ಎಲ್ಲೋ ಕೇಳಿರಬೇಕು. ಬಳಚು ಎಂಬ ಚಿಪ್ಪುಮೀನಿನ ಹೆಸರು ಹೇಳಿದರೆ ‘ಬಳಸು’ ಎಂದು ಬರೆಯಿತು. ನದಿಯಲ್ಲಿ ಮುಳುಗಿ ಚಿಪ್ಪು ಹೆಕ್ಕುವ ಮನೆಗಳ ಮಕ್ಕಳು ನಕ್ಕು ನಕ್ಕು ಬೆಂಚಿನ ಮೇಲೆ ಹೊರಳಾಡಿದರು. ನಗು ನಿಂತ ಮೇಲೆ ಆ ಹುಡುಗಿ ಕೇಳಿದಳು, ‘ಅಕ್ಕೋರೆ, ಇದಕ್ಕೆ ನಮ್ಮ ಕನ್ನಡ ಬರುವುದಿಲ್ಲವೇ?’

ಪರೀಕ್ಷೆಯಲ್ಲಿ ಕಾಗುಣಿತ ತಪ್ಪಿದಾಗ ತಪ್ಪು ಯಾವಾಗಲೂ ಮಗುವಿನದೇ. ಯಂತ್ರವೇ ತಪ್ಪಿ, ಮಗು ಸರಿಯಾದದ್ದು ಅವತ್ತೇ ಮೊದಲು. ಮನೆಯಲ್ಲಿ ಕೊಂಕಣಿ ಆಡುವವರು, ಹಾಲಕ್ಕಿ ಕನ್ನಡ ಆಡುವವರು, ನವಾಯತಿ ಆಡುವವರು ಎಲ್ಲ ಒಂದೇ ಕೋಣೆಯಲ್ಲಿ ಕುಳಿತಿರುವ ಜಿಲ್ಲೆ ನಮ್ಮದು. ಇವರಲ್ಲಿ ಹೆಚ್ಚಿನವರು ಐದನೇ ತರಗತಿಗೆ ಬರುವಷ್ಟರಲ್ಲಿ ಮನೆಯ ಮಾತು ಶಾಲೆಗೆ ತರುವಂಥದ್ದಲ್ಲ ಎಂದು ಕಲಿತುಬಿಟ್ಟಿರುತ್ತಾರೆ. ಅದನ್ನು ಕಲಿಸಿದವರು ನಾವೇ.

ಅಂದಿನಿಂದ ಒಂದು ಹಂಚಿಕೆಯ ಸ್ಪ್ರೆಡ್‌ಶೀಟ್ ತೆರೆದೆವು. ಬೇರೇನೂ ಸೊಗಸಿಲ್ಲ. ಪದ, ಹೇಳಿದವರು ಯಾರು, ಯಾವ ಊರು, ಅರ್ಥ, ಒಂದು ವಾಕ್ಯ. ಅರ್ಥವನ್ನು ಮಕ್ಕಳೇ ಬರೆಯಬೇಕು, ಆಮೇಲಷ್ಟೇ ನಿಘಂಟು ನೋಡಬೇಕು. ನಿಘಂಟಿಗೆ ಬರವಿಲ್ಲ. ವಿ. ಕೃಷ್ಣ ಅವರು ನಾಲ್ಕು ದಶಕ ಕುಳಿತು ಕಟ್ಟಿದ ‘ಅಲರ್’ ಕನ್ನಡ-ಇಂಗ್ಲಿಷ್ ನಿಘಂಟು 2019ರಿಂದ ಅಂತರ್ಜಾಲದಲ್ಲಿ ಎಲ್ಲರಿಗೂ ತೆರೆದಿದೆ, ಅದರಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಪದಗಳಿವೆ. 1894ರ ಕಿಟ್ಟೆಲ್ ನಿಘಂಟಿನ ಪುಟಗಳು ಇಂಟರ್ನೆಟ್ ಆರ್ಕೈವ್‌ನಲ್ಲಿ ಸಿಗುತ್ತವೆ. ನಿಘಂಟಿನಲ್ಲಿ ಸಿಕ್ಕ ಪದದ ಮುಂದೆ ಒಂದು ಗುರುತು, ಸಿಗದಿದ್ದುದಕ್ಕೆ ಇನ್ನೊಂದು ಗುರುತು. ಸಿಗದ ಪದ ತಂದ ಮಗು ಆ ವಾರ ತಲೆ ಎತ್ತಿಕೊಂಡು ಓಡಾಡುತ್ತಿತ್ತು, ಏಕೆಂದರೆ ಆ ಪದದ ಅರ್ಥಕ್ಕೆ ಮಗುವಿನ ಅಜ್ಜಿಯೇ ಆಧಾರ.

ಇಲ್ಲೊಂದು ಮಾತು ಹೇಳಬೇಕು, ತರಬೇತಿಯಲ್ಲಿ ಯಾರೂ ಹೇಳದ ಮಾತು. ಪುಕ್ಕಟೆ ಬೇರೆ, ಮುಕ್ತ ಬೇರೆ. 52ರಲ್ಲಿ ಬಹಳಷ್ಟು ಪುಕ್ಕಟೆಯವು. ಇಂದು ಬಿಟ್ಟಿ, ಬರುವ ಜೂನ್‌ನಲ್ಲಿ ಮೂವತ್ತು ಮಕ್ಕಳಿಗಿಂತ ಹೆಚ್ಚಾದರೆ ಹಣ, ಅದರ ಮುಂದಿನ ವರ್ಷ ಬಾಗಿಲೇ ಮುಚ್ಚಿರುತ್ತದೆ. ಮಕ್ಕಳು ಬರೆದದ್ದೂ ಅದರೊಳಗೇ ಹೋಗುತ್ತದೆ. ನನಗೆ ಎರಡು ಸಲ ಹಾಗಾಗಿದೆ. ಮುಕ್ತ ಎಂದರೆ ನಕಲು ಮಾಡಬಹುದು, ಅಚ್ಚು ಹಾಕಬಹುದು, ತಿದ್ದಬಹುದು. ಪ್ರಥಮ್ ಬುಕ್ಸ್‌ನವರು 2015ರಲ್ಲಿ ಆರಂಭಿಸಿದ ಸ್ಟೋರಿವೀವರ್‌ನ ಕತೆಗಳು ಹಾಗಿವೆ. ಅಲ್ಲಿನ ಒಂದು ಚಿತ್ರಕತೆಯನ್ನು ಆರನೇ ತರಗತಿಯವರು ಕೊಂಕಣಿಗೂ ಹಾಲಕ್ಕಿ ಮಾತಿಗೂ ತಿರುಗಿಸಿದರು. ‘ಅವಳು ಸಿಟ್ಟಾದಳು’ ಎಂಬ ಎರಡೇ ಪದಕ್ಕೆ ಒಂದು ಪೀರಿಯಡ್ ಹೋಯಿತು. ಹೋಗಲಿ.

ವಚನ ಸಂಚಯವನ್ನು ಬಿಟ್ಟರೆ ತಪ್ಪಾದೀತು. ಸುಮಾರು 20,000 ವಚನಗಳನ್ನು ಪದ ಹಾಕಿ ಹುಡುಕಬಹುದಾದ ತಾಣ. ಕೂಡಲಸಂಗಮದೇವ ಯಾರ ಅಂಕಿತ, ಗುಹೇಶ್ವರ ಯಾರ ಅಂಕಿತ ಎಂದು ಹೊಂದಿಸಿ ಬರೆಯುವುದರಲ್ಲೇ ನಮ್ಮ ವಚನ ಸಾಹಿತ್ಯ ಮುಗಿಯುತ್ತಿತ್ತು. ಈಗ ‘ಮರ’ ಎಂದು ಹುಡುಕಿ, ಬಂದವುಗಳಲ್ಲಿ ನಿಮಗೆ ಅರ್ಥವಾದ ಒಂದನ್ನು ಮಾತ್ರ ಬರೆದು ತನ್ನಿ ಎನ್ನುತ್ತೇನೆ. ಒಬ್ಬಳು, ‘ಅರ್ಥವಾಗದ್ದನ್ನು ತರಬಹುದೇ?’ ಎಂದಳು. ತಂದಳು. ನನಗೂ ಅರ್ಥವಾಗಲಿಲ್ಲ, ಇಬ್ಬರೂ ಕೂತು ಓದಿದೆವು.

ಘಟ್ಟದ ಮೇಲೆ ಬಂದ ಮೇಲೆ ಹೊಸ ತಲೆನೋವು. ಎರಡು ವರ್ಷದಿಂದ ಪ್ರಬಂಧಗಳು ಥಳಥಳ ಹೊಳೆಯತೊಡಗಿವೆ. ಕೃತಕ ಬುದ್ಧಿಮತ್ತೆಯೂ ಈಗ ಪುಕ್ಕಟೆಯೇ ತಾನೆ. ‘ಮಳೆಗಾಲ’ದ ಬಗ್ಗೆ ಹತ್ತನೇ ತರಗತಿಯ ಹುಡುಗಿಯೊಬ್ಬಳು ತಂದ ಪುಟದಲ್ಲಿ ಇಳೆ ತಂಪಾಗಿತ್ತು, ನವಿಲು ಕುಣಿದಿತ್ತು, ರೈತನ ಮುಖದಲ್ಲಿ ಮಂದಹಾಸ ಮೂಡಿತ್ತು. ಅಕ್ಷರದೋಷ ಒಂದೂ ಇಲ್ಲ. ನಾನು ಬೈಯಲಿಲ್ಲ. ‘ನಿಮ್ಮ ಮನೆಯಲ್ಲಿ ಜುಲೈ ತಿಂಗಳಲ್ಲಿ ಅಪ್ಪನ ಮುಖ ಹೇಗಿರುತ್ತದೆ?’ ಎಂದು ಮಾತ್ರ ಕೇಳಿದೆ. ಅಡಿಕೆ ತೋಟದ ಮನೆ ಅದು. ಎಡೆಬಿಡದೆ ಮಳೆ ಹೊಯ್ದರೆ ಕೊಳೆ ರೋಗ, ಎಳೆಯ ಕಾಯಿ ಉದುರಿ ನೆಲವೆಲ್ಲ ಹರಡಿರುತ್ತದೆ. ನೀಲಿ ಮೈಲುತುತ್ತ, ಸುಣ್ಣ ಕಲಸಿ ಸಿಂಪಡಿಸುವ ಬೋರ್ಡೋ ದ್ರಾವಣ ಮಾಡಿಕೊಂಡು ಮಳೆ ಒಂದು ಹೊತ್ತು ಬಿಡುವುದನ್ನೇ ಕಾಯಬೇಕು, ಮರ ಹತ್ತುವ ಕೊನೆಗೌಡ ಬೇರೆಯವರ ತೋಟಕ್ಕೆ ಹೋಗಿರುತ್ತಾನೆ. ಹುಡುಗಿ ಸುಮ್ಮನೆ ಪುಸ್ತಕ ತೆಗೆದುಕೊಂಡು ಹೋದಳು. ಮೂರು ದಿನದ ಮೇಲೆ ತಂದಳು. ‘ನಮ್ಮ ಮನೆಯಲ್ಲಿ ಮಳೆಗಾಲದಲ್ಲಿ ಎಲ್ಲರ ಕೈಯೂ ನೀಲಿ’ ಎಂದು ಮೊದಲ ಸಾಲು. ನಾಲ್ಕು ಅಕ್ಷರದೋಷಗಳಿದ್ದವು. ಹಿಂದಿನ ಪುಟ, ಈ ಪುಟ ಎರಡನ್ನೂ ಅವಳ ಒಪ್ಪಿಗೆ ಪಡೆದು ತರಗತಿಯಲ್ಲಿ ಓದಿದೆ. ಯಾವುದು ಯಂತ್ರದ್ದು ಎಂದು ಯಾರಿಗೂ ಹೇಳಬೇಕಾಗಲಿಲ್ಲ. ಕೃತಕ ಬುದ್ಧಿಮತ್ತೆಯನ್ನು ನಿಷೇಧಿಸಿ ಎನ್ನುವವರ ಜೊತೆ ನಾನಿಲ್ಲ, ಹೊಳಪು ಎಲ್ಲಿ ಸುಳ್ಳು ಎಂದು ಗುರುತಿಸಲು ಒಳ್ಳೆಯ ಮಾದರಿ ಬೇಕಲ್ಲ, ಅದು ಬಿಟ್ಟಿ ಸಿಗುತ್ತಿದೆ.

ನೆಟ್‌ವರ್ಕ್ ವಿಷಯ ಕೇಳಬೇಡಿ. ಕೊರೊನಾ ಕಾಲದಲ್ಲಿ ಗುಡ್ಡ ಹತ್ತಿ ಪಾಠ ಕೇಳಿದ ಮಕ್ಕಳ ಜಿಲ್ಲೆ ಇದು. ಬೇಕಾದದ್ದನ್ನು ಶಿರಸಿಯ ಮನೆಯಲ್ಲಿ ರಾತ್ರಿ ಇಳಿಸಿಕೊಂಡು, ಮೆಮೊರಿ ಕಾರ್ಡಿನಲ್ಲಿ ಬುತ್ತಿಯಂತೆ ಒಯ್ಯುತ್ತೇನೆ. ಕನ್ನಡ ವಿಕಿಪೀಡಿಯಾವನ್ನೂ ಕಿವಿಕ್ಸ್ ಎಂಬ ತಂತ್ರಾಂಶದಲ್ಲಿ ಇಡಿಯಾಗಿ ಇಳಿಸಿಟ್ಟು, ಸಿಗ್ನಲ್ ಇಲ್ಲದ ಕಡೆ ಓದಬಹುದು. ಧ್ವನಿ ಮುದ್ರಣಕ್ಕಂತೂ ನೆಟ್ಟೇ ಬೇಡ.

ಮೊನ್ನೆ ತರಬೇತಿಯವರಿಂದ ಒಂದು ನಮೂನೆ ಬಂದಿದೆ. ‘ಪಟ್ಟಿಯಲ್ಲಿನ ಎಷ್ಟು ಸಾಧನಗಳನ್ನು ಬಳಸಿದ್ದೀರಿ?’ ಪಟ್ಟಿಯನ್ನು ಮತ್ತೊಮ್ಮೆ ತಡಕಾಡಿದೆ. ನಾನು ಬಳಸುವವುಗಳಲ್ಲಿ ಅದರಲ್ಲಿದ್ದದ್ದು ಒಂದೇ ಒಂದು. 1 ಎಂದು ತುಂಬಿದೆ. ಮುಂದಿನ ಕಾಲಂ, ‘ಕಲಿಕೆಯಲ್ಲಿ ಆದ ಸುಧಾರಣೆ, ಶೇಕಡಾವಾರು’. ಖಾಲಿ ಬಿಟ್ಟು ಸಲ್ಲಿಸಲು ಹೋದರೆ ನಮೂನೆ ಒಪ್ಪುತ್ತಿಲ್ಲ, ಅಂಕಿಯೇ ಬೇಕಂತೆ. ಗಜನಿ ಎಂದು ಬರೆದೂ ನೋಡಿದೆ.